ಗಣಕಯಂತ್ರ ಜಾಲಗಳು: ಜೋಡಣೆಯ ಬಗೆಗಳೂ ಅವುಗಳ ಉಪಯೋಗಗಳೂ

ಕೆರೆಯಲ್ಲಿ ನೀರು ಎಷ್ಟೇ ಹೇರಳವಾಗಿದ್ದರೂ ಕಾಲುವೆಗಳ ಏರ್ಪಾಡು ಕ್ರಮವಾಗಿಲ್ಲದಿದ್ದರೆ ಕೊನೆಯ ಗದ್ದೆಗೆ ನೀರು ಮುಟ್ಟುವುದಿಲ್ಲವೆಂಬುದು ಪ್ರತಿಯೊಬ್ಬ ಬೇಸಾಯಗಾರನಿಗೂ ತಿಳಿದ ಸಂಗತಿಯಾಗಿದೆ. ಈಗ ಗ್ರಾಮಗಳಿಗೆ ನೀರಿನಂತೆಯೇ ತಡೆಯಿಲ್ಲದೆ ಹರಿದು ಬರಬೇಕಾದ ಮತ್ತೊಂದು ವಸ್ತುವೆಂದರೆ ಸಮಾಚಾರ. ಭೂಮಿ ಯೋಜನೆಯು ಜಾರಿಗೆ ಬಂದ ಮೇಲೆ ಕರ್ನಾಟಕದಲ್ಲಿ ಕೈಬರಹದ ಪಹಣಿಯು ನಿಂತುಹೋಗಿ, ಗಣಕಯಂತ್ರದಿಂದ ಹೊರಟ ಪಹಣಿಯೇ ಪ್ರಮಾಣವಾಗಿರುವುದು. ಬೆಳೆವಿಮೆಯ ಅರ್ಜಿ, ಸಾಲದ ಕಾಗದಪತ್ರ, ಮಾರುಕಟ್ಟೆಯ ಧಾರಣೆ ಇವೆಲ್ಲವೂ ಇದೇ ಮಾರ್ಗವಾಗಿ ಬರುತ್ತಿರುವುವು. ಅರ್ಜಿ ಸಲ್ಲಿಸುವ ಕಡೆಯ ದಿನವೇ ಎಲ್ಲಿಯೋ ಒಂದು ಕಡೆ ಕೇಬಲ್ಲು ಕಡಿದುಹೋದರೆ, ಅದರ ಮುಂದಿನ ಹಳ್ಳಿಗಳ ರೈತರೆಲ್ಲರೂ ಕಚೇರಿಯ ಜಗಲಿಯ ಮೇಲೆ ಕಾದು ಕುಳಿತು ಬರಿಗೈಯಲ್ಲಿ ಹಿಂದಿರುಗಬೇಕಾಗುವುದು.

ಇಂತಹ ನಷ್ಟವು ಎಷ್ಟು ಹಳ್ಳಿಗಳಿಗೆ ತಟ್ಟುವುದೆಂಬುದು ಕೇಬಲ್ಲಿನ ಗುಣದ ಮೇಲೆ ಮಾತ್ರವೇ ಅಲ್ಲದೆ, ಅದನ್ನು ಯಾವ ರೂಪದಲ್ಲಿ ಜೋಡಿಸಿದೆಯೆಂಬುದರ ಮೇಲೂ ನಿಂತಿರುವುದು. ಕೇಬಲ್ಲು ಹಾದುಹೋಗಲು ದಾರಿ ಬಿಡುವವರೂ, ಯಂತ್ರವನ್ನಿಡಲು ಕೊಠಡಿ ಒದಗಿಸುವವರೂ, ತಮ್ಮ ತೋಟಗಳಲ್ಲಿ ಸ್ವಂತ ಖರ್ಚಿನಿಂದ ಜಾಲವನ್ನು ಹಾಕಿಸುವವರೂ ಗ್ರಾಮದ ಮುಖಂಡರು ಮತ್ತು ಜಮೀನುದಾರರೇ ಆದುದರಿಂದ, ಈ ವಿಷಯವನ್ನು ಅವರು ಸ್ಥೂಲವಾಗಿಯಾದರೂ ತಿಳಿದಿರುವುದು ಅವಶ್ಯಕವು.

ಜೋಡಣೆ ಎಂದರೇನು?

ಎರಡು ಅಥವಾ ಹೆಚ್ಚು ಗಣಕಯಂತ್ರಗಳು ಒಂದಕ್ಕೊಂದು ಸಮಾಚಾರವನ್ನು ಕಳುಹಿಸಿಕೊಳ್ಳುವಂತೆ ಸೇರಿಸಿದ ಏರ್ಪಾಡಿಗೆ ಜಾಲವೆಂದು ಹೆಸರು. ಜಾಲದಲ್ಲಿರುವ ಪ್ರತಿಯೊಂದು ಯಂತ್ರದ ಸ್ಥಾನವನ್ನು ನೆಲೆಯೆಂತಲೂ, ಎರಡು ನೆಲೆಗಳನ್ನು ಸೇರಿಸುವ ತಂತಿ, ಗಾಜಿನೆಳೆ ಅಥವಾ ರೇಡಿಯೋ ಸಂಪರ್ಕವನ್ನು ಕೊಂಡಿಯೆಂತಲೂ ಕರೆಯಬಹುದು. ಯಾವ ನೆಲೆಯಿಂದ ಯಾವ ನೆಲೆಗೆ ಕೊಂಡಿಯಿದೆಯೆಂಬ ನಕ್ಷೆಯೇ ಜಾಲದ ಜೋಡಣೆ. ಇದಕ್ಕೆ ಟೊಪಾಲಜಿ ಎಂದು ಹೇಳುವರು. ರೂಢಿಯಲ್ಲಿರುವ ಜೋಡಣೆಗಳು ಮುಖ್ಯವಾಗಿ ಐದು: ಸಾಲು, ನಕ್ಷತ್ರ, ಉಂಗುರ, ಮರ ಮತ್ತು ಬಲೆ.

೧. ಸಾಲು ಜೋಡಣೆ

ಒಂದೇ ಕಾಲುವೆಯ ಪಕ್ಕದಲ್ಲಿ ಗದ್ದೆಗಳು ಸಾಲಾಗಿರುವಂತೆ ಒಂದೇ ಕೇಬಲ್ಲಿಗೆ ಎಲ್ಲ ಯಂತ್ರಗಳನ್ನೂ ತಗುಲಿಸುವುದು ಈ ಬಗೆಯ ಲಕ್ಷಣವು. ಇದಕ್ಕೆ ಬಸ್ ಜೋಡಣೆ ಎಂದೂ ಹೆಸರುಂಟು. ೧೯೭೩ ನೆಯ ಇಸವಿಯಲ್ಲಿ ಅಮೆರಿಕದ ಜೆರಾಕ್ಸ್ ಕಂಪೆನಿಯ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಎಂಬವರು ಆರಂಭಿಸಿದ ಈಥರ್‌ನೆಟ್ ಜಾಲವು ಮೊದಲು ಈ ರೂಪದಲ್ಲಿಯೇ ಇದ್ದಿತು. ಅದರಿಂದ ರೂಢಿಗೆ ಬಂದ ದಪ್ಪ ಕೇಬಲ್ಲಿನ ಒಂದು ತುಂಡು ಹೆಚ್ಚೆಂದರೆ ೫೦೦ ಮೀಟರು ಉದ್ದವಿರಬಹುದಾಗಿದ್ದು, ಅದಕ್ಕೆ ೧೦೦ ಯಂತ್ರಗಳವರೆಗೆ ತಗುಲಿಸಬಹುದಾಗಿತ್ತು.

ತಂತಿಯ ಖರ್ಚು ಕಡಿಮೆಯಾಗುವುದು ಇದರ ಅನುಕೂಲ. ಪ್ರತಿಕೂಲಗಳು ಎರಡು. ಒಂದು: ಕೇಬಲ್ಲು ಎಲ್ಲರಿಗೂ ಒಂದೇ ಆದುದರಿಂದ ಇಬ್ಬರು ಒಮ್ಮೆಗೇ ಸಮಾಚಾರ ಕಳುಹಿಸಿದರೆ ಎರಡೂ ಡಿಕ್ಕಿ ಹೊಡೆದು ಕೆಡುವುವು, ಆಗ ಇಬ್ಬರೂ ಸ್ವಲ್ಪ ಕಾಲ ತಡೆದು ಪುನಃ ಕಳುಹಿಸಬೇಕು. ಎರಡನೆಯದು ಇದಕ್ಕಿಂತ ದೊಡ್ಡದು. ಕಾಲುವೆಯು ಒಂದು ಕಡೆ ಒಡೆದರೆ ಅದರ ಮೇಲಿನ ಗದ್ದೆಗಳಿಗಾದರೂ ನೀರು ದೊರೆಯುವುದು. ಈ ಹಳೆಯ ಕೇಬಲ್ಲಿನಲ್ಲಿ ಹಾಗಲ್ಲ. ತುಂಡಾದ ಕೊನೆಯಿಂದ ವಿದ್ಯುತ್ ಸಂಕೇತವು ಪ್ರತಿಧ್ವನಿಯಂತೆ ಹಿಂದಕ್ಕೆ ಮರಳಿ ಹೊಸ ಸಂಕೇತದೊಡನೆ ಬೆರೆತು, ಎರಡು ಪಕ್ಕದ ಯಂತ್ರಗಳನ್ನೂ ನಿಲ್ಲಿಸಿಬಿಡುವುದು. ಈ ಮರಳುವಿಕೆಯನ್ನು ತಡೆಯುವುದಕ್ಕಾಗಿಯೇ ಕೇಬಲ್ಲಿನ ಎರಡು ತುದಿಗಳಿಗೂ ೫೦ ಓಮ್ ಪ್ರತಿರೋಧದ ಬಿರಡೆಯನ್ನು ಹಾಕಬೇಕಾಗಿತ್ತು. ಕಚೇರಿಗಳಲ್ಲಿ ಈ ಬಗೆಯು ಈಗ ಬಹುಮಟ್ಟಿಗೆ ಬಿಟ್ಟುಹೋಗಿದ್ದರೂ, ಒಂದು ಯಂತ್ರದಿಂದ ಮುಂದಿನದಕ್ಕೆ, ಅಲ್ಲಿಂದ ಅದರ ಮುಂದಿನದಕ್ಕೆ ಎಂದು ಸರಪಣಿಯಂತೆ ಕೊಂಡಿ ಹಾಕುವ ಪದ್ಧತಿಯು ರಸ್ತೆಯುದ್ದಕ್ಕೂ ಇರುವ ಹಳ್ಳಿಗಳನ್ನು ಸೇರಿಸುವಾಗ ಇಂದಿಗೂ ಬಳಕೆಯಲ್ಲಿದೆ.

೨. ನಕ್ಷತ್ರ ಜೋಡಣೆ

ಮಧ್ಯದಲ್ಲಿ ಒಂದು ಯಂತ್ರವನ್ನಿಟ್ಟು ಅಲ್ಲಿಂದ ಪ್ರತಿ ನೆಲೆಗೂ ಬೇರೆ ಬೇರೆಯಾಗಿ ಕೊಂಡಿ ಎಳೆಯುವುದು ನಕ್ಷತ್ರ ಜೋಡಣೆ. ಈ ಮಧ್ಯದ ಯಂತ್ರಕ್ಕೆ ಸ್ವಿಚ್ಚು ಎಂದು ಹೆಸರು. ಕೆರೆಯ ನೀರನ್ನು ಯಾವ ತೂಬಿನಿಂದ ಯಾರ ಗದ್ದೆಗೆ ಬಿಡಬೇಕೆಂಬುದನ್ನು ನೀರಗಂಟಿಯು ಬಲ್ಲಂತೆ, ಯಾರಿಗೆ ಬಂದ ಸಮಾಚಾರವನ್ನು ಯಾವ ತಂತಿಗೆ ಬಿಡಬೇಕೆಂಬುದನ್ನು ಸ್ವಿಚ್ಚು ತಿಳಿದಿರುವುದು. ೧೯೯೦ ರಲ್ಲಿ ಹೆಣೆದ ತಾಮ್ರದ ತಂತಿಯ ಮೂಲಕ ಈಥರ್‌ನೆಟ್ಟನ್ನು ನಡೆಸುವ ಕ್ರಮವು ನಿರ್ಣಯವಾದ ಬಳಿಕ ಈ ಜೋಡಣೆಯೇ ಎಲ್ಲೆಲ್ಲಿಯೂ ಹರಡಿತು. ಶಾಲೆ, ಬ್ಯಾಂಕು, ಸಹಕಾರ ಸಂಘಗಳಲ್ಲಿ ಈಗ ಸಾಮಾನ್ಯವಾಗಿ ಕಾಣುವುದು ಇದೇ.

ಇದರಲ್ಲಿ ಒಂದು ತಂತಿ ಕಡಿದರೆ ಒಂದು ನೆಲೆ ಮಾತ್ರ ನಿಲ್ಲುವುದು. ದೋಷವೆಲ್ಲಿದೆಯೆಂದು ಕಂಡುಹಿಡಿಯುವುದೂ ಸುಲಭ. ಆದರೆ ಸ್ವಿಚ್ಚು ಕೆಟ್ಟರೆ ಅಥವಾ ಅದಕ್ಕೆ ವಿದ್ಯುತ್ತು ನಿಂತರೆ ಸಮಸ್ತವೂ ನಿಲ್ಲುವುದು. ಆದುದರಿಂದ ಸ್ವಿಚ್ಚಿಗೆ ಬ್ಯಾಟರಿಯ ಆಸರೆಯೂ, ಗೆದ್ದಲು, ಇಲಿ, ಸೋರುವ ಮಾಡು ಇವುಗಳ ಬಾಧೆಯಿಲ್ಲದ ಸ್ಥಳವೂ ಇರತಕ್ಕದ್ದು. ತಾಮ್ರದ ತಂತಿಯಾದರೆ ಒಂದೊಂದು ಕೊಂಡಿಯೂ ೧೦೦ ಮೀಟರಿನೊಳಗೆ ಇರಬೇಕೆಂಬುದನ್ನೂ ಮರೆಯಬಾರದು.

೩. ಉಂಗುರ ಜೋಡಣೆ

ಮೊದಲನೆಯ ನೆಲೆಯನ್ನು ಎರಡನೆಯದಕ್ಕೂ, ಎರಡನೆಯದನ್ನು ಮೂರನೆಯದಕ್ಕೂ ಹೀಗೆಯೇ ಸೇರಿಸುತ್ತ ಹೋಗಿ, ಕೊನೆಯದನ್ನು ಪುನಃ ಮೊದಲನೆಯದಕ್ಕೆ ಸೇರಿಸಿದರೆ ಉಂಗುರವಾಗುವುದು. ಐ.ಬಿ.ಎಂ. ಕಂಪೆನಿಯು ೧೯೮೫ ರಲ್ಲಿ ಮಾರಾಟಕ್ಕೆ ತಂದ ಟೋಕನ್ ರಿಂಗ್ ಎಂಬ ಜಾಲದಲ್ಲಿ ಒಂದು ಬಿಲ್ಲೆಯು ನೆಲೆಯಿಂದ ನೆಲೆಗೆ ಸುತ್ತುತ್ತಿತ್ತು. ಬಿಲ್ಲೆಯು ಕೈಗೆ ಬಂದವರು ಮಾತ್ರವೇ ಸಮಾಚಾರ ಕಳುಹಿಸಬಹುದಾಗಿತ್ತು. ಇದು ಸರದಿಯ ಮೇಲೆ ನೀರು ಹಾಯಿಸುವ ಪದ್ಧತಿಯನ್ನೇ ಹೋಲುವುದರಿಂದ ಡಿಕ್ಕಿಯ ಪ್ರಶ್ನೆಯೇ ಬರುತ್ತಿರಲಿಲ್ಲ. ಹೊರನೋಟಕ್ಕೆ ಅದರ ತಂತಿಗಳು ಒಂದು ನಡುಪೆಟ್ಟಿಗೆಗೆ ಬಂದು ಸೇರಿ ನಕ್ಷತ್ರದಂತೆ ಕಾಣುತ್ತಿದ್ದರೂ ಸಮಾಚಾರವು ಸುತ್ತುತ್ತಿದ್ದುದು ಉಂಗುರವಾಗಿಯೇ. ಕಣ್ಣಿಗೆ ಕಾಣುವ ರೂಪವೊಂದು, ನಡೆಯುವ ರೂಪವೊಂದು ಇರಬಹುದೆಂಬುದಕ್ಕೆ ಇದು ಒಳ್ಳೆಯ ನಿದರ್ಶನವು.

ಈ ಬಗೆಯ ಯಂತ್ರಗಳು ಈಗ ಮೂಲೆಗೆ ಬಿದ್ದಿವೆ. ಆದರೆ ಉಂಗುರದ ತತ್ತ್ವವು ಊರಿಂದೂರಿಗೆ ಹೋಗುವ ಗಾಜಿನೆಳೆಯ ದಾರಿಗಳಲ್ಲಿ ಹೆಚ್ಚು ಬೆಲೆಯನ್ನು ಪಡೆದಿದೆ. ಕಾರಣವಿಷ್ಟೇ: ಉಂಗುರವು ಒಂದು ಕಡೆ ಕಡಿದರೆ ಸಮಾಚಾರವು ಇನ್ನೊಂದು ದಿಕ್ಕಿನಿಂದ ಸುತ್ತಿಬಂದು ಪ್ರತಿ ನೆಲೆಯನ್ನೂ ಮುಟ್ಟುವುದು. ಒಂದೇ ಕಾಲದಲ್ಲಿ ಎರಡು ಕಡೆ ಕಡಿದರೆ ಮಾತ್ರ ನಡುವಣ ನೆಲೆಗಳು ಒಂಟಿಯಾಗುವುವು.

೪. ಮರ ಜೋಡಣೆ

ದೊಡ್ಡ ನಾಲೆಯಿಂದ ಕವಲು ನಾಲೆ, ಅದರಿಂದ ಹೊಲಗಾಲುವೆ ಹೊರಡುವಂತೆ, ಮುಖ್ಯ ನೆಲೆಯಿಂದ ಉಪನೆಲೆಗಳೂ ಅವುಗಳಿಂದ ಮತ್ತೆ ಸಣ್ಣ ನೆಲೆಗಳೂ ಕವಲೊಡೆಯುವುದು ಮರ ಜೋಡಣೆ. ರಾಜಧಾನಿ, ಜಿಲ್ಲೆ, ತಾಲ್ಲೂಕು, ಪಂಚಾಯಿತಿ ಎಂಬ ಆಡಳಿತದ ಮೆಟ್ಟಿಲುಗಳಿಗೆ ಇದು ಸಹಜವಾಗಿ ಹೊಂದಿಕೊಳ್ಳುವುದು. ಬೆಳೆಸುವುದು ಸುಲಭ, ಖರ್ಚು ಮಿತ. ಆದರೆ ಬುಡಕ್ಕೆ ಹತ್ತಿರವಾದಷ್ಟೂ ಅಪಾಯವು ಹೆಚ್ಚು: ಎಲೆಯೊಂದು ಉದುರಿದರೆ ಒಂದೇ ಎಲೆಯ ನಷ್ಟ, ಕೊಂಬೆ ಮುರಿದರೆ ಅದರ ಮೇಲಿನದೆಲ್ಲವೂ ನಷ್ಟ.

೫. ಬಲೆ ಜೋಡಣೆ

ಪ್ರತಿ ನೆಲೆಯಿಂದಲೂ ಹಲವು ನೆಲೆಗಳಿಗೆ ಕೊಂಡಿಗಳಿದ್ದು, ಒಂದು ದಾರಿ ಮುಚ್ಚಿದರೆ ಮತ್ತೊಂದರಿಂದ ಹೋಗುವಂತಿರುವುದು ಬಲೆ ಜೋಡಣೆ. ಪ್ರತಿಯೊಂದನ್ನೂ ಪ್ರತಿಯೊಂದಕ್ಕೆ ಸೇರಿಸಿದರೆ ಪೂರ್ಣ ಬಲೆಯಾಗುವುದು. ಇದರ ಕೊಂಡಿಗಳ ಲೆಕ್ಕವನ್ನು ತಿಳಿಯಲು, ನೆಲೆಗಳ ಸಂಖ್ಯೆಯನ್ನು ಅದಕ್ಕಿಂತ ಒಂದು ಕಡಿಮೆಯಾದ ಸಂಖ್ಯೆಯಿಂದ ಗುಣಿಸಿ ಅರ್ಧ ಮಾಡಬೇಕು. ೬ ನೆಲೆಗಳಿಗೆ ೧೫ ಕೊಂಡಿಗಳು ಸಾಕು. ೨೦ ನೆಲೆಗಳಿಗಾದರೆ ೧೯೦ ಬೇಕು. ನೆಲೆಗಳು ಮೂರೂವರೆ ಪಟ್ಟೂ ಆಗದಿರುವಲ್ಲಿ ಕೊಂಡಿಗಳು ಹನ್ನೆರಡು ಪಟ್ಟಿಗಿಂತಲೂ ಹೆಚ್ಚಾದುದನ್ನು ಗಮನಿಸಬೇಕು.

ಅಷ್ಟು ಕೊಂಡಿಗಳು ಅಗತ್ಯವೂ ಇಲ್ಲ. ಅಮೆರಿಕದ ರಾಂಡ್ ಸಂಸ್ಥೆಯ ಪಾಲ್ ಬರಾನ್ ಎಂಬವರು ಯುದ್ಧದಲ್ಲಿಯೂ ನಿಲ್ಲದ ಜಾಲವನ್ನು ಕುರಿತು ೧೯೬೪ ರಲ್ಲಿ ಪ್ರಕಟಿಸಿದ ಲೇಖನಗಳಲ್ಲಿ, ಕನಿಷ್ಠ ಅಗತ್ಯಕ್ಕಿಂತ ಮೂರು ನಾಲ್ಕು ಪಟ್ಟು ಕೊಂಡಿಗಳಿದ್ದರೆ ಜಾಲವು ಬಹುದೊಡ್ಡ ಪೆಟ್ಟನ್ನು ತಡೆದುಕೊಳ್ಳುವುದೆಂದು ಲೆಕ್ಕ ಹಾಕಿ ತೋರಿಸಿದರು. ಇಂದಿನ ಇಂಟರ್‌ನೆಟ್ಟಿಗೆ ಮೂಲವಾದ ಆರ್ಪಾನೆಟ್ ಜಾಲವು ೧೯೬೯ ರ ಕೊನೆಯಲ್ಲಿ ನಾಲ್ಕೇ ನೆಲೆಗಳಿಂದ ಕೂಡಿದ್ದಿತು. ಕ್ಯಾಲಿಫೋರ್ನಿಯಾದ ಮೂರು ನೆಲೆಗಳು ಒಂದಕ್ಕೊಂದು ತ್ರಿಕೋಣವಾಗಿ ಸೇರಿದ್ದುವು. ನಾಲ್ಕನೆಯದಾದ ಯೂಟಾ ವಿಶ್ವವಿದ್ಯಾನಿಲಯವು ಮಾತ್ರ ಒಂದೇ ಕೊಂಡಿಯಿಂದ ಜೋತುಕೊಂಡಿದ್ದಿತು. ತ್ರಿಕೋಣದ ಯಾವ ಬದಿ ಕಡಿದರೂ ಆ ಮೂವರಿಗೆ ತೊಂದರೆಯಿಲ್ಲ. ಯೂಟಾದ ಕೊಂಡಿ ಕಡಿದರೆ ಅದಕ್ಕೆ ಬೇರೆ ಗತಿಯಿಲ್ಲ. ನಮ್ಮ ಅನೇಕ ಗ್ರಾಮಗಳ ಸ್ಥಿತಿಯೂ ಆ ನಾಲ್ಕನೆಯ ನೆಲೆಯಂತೆಯೇ ಇರುವುದು.

ಒಂದು ತೋಟದ ಲೆಕ್ಕ

ಮೇಲ್ಕಂಡ ಬಗೆಗಳನ್ನು ಒಂದು ಉದಾಹರಣೆಯಿಂದ ತೂಗಿ ನೋಡಬಹುದು. ಒಂದು ತೋಟದಲ್ಲಿ ಕಚೇರಿ, ಉಗ್ರಾಣ, ಕೊಟ್ಟಿಗೆ, ರೇಷ್ಮೆ ಹುಳುಮನೆ, ಗೊಬ್ಬರದ ಮನೆ, ಪಂಪುಮನೆ ಎಂಬ ಆರು ನೆಲೆಗಳು ಇದೇ ಕ್ರಮದಲ್ಲಿ ಒಂದೇ ನೇರದಲ್ಲಿ, ೮೦ ಮೀಟರಿಗೊಂದರಂತೆ ಇವೆಯೆಂದು ಭಾವಿಸಬೇಕು. ಮರ ಜೋಡಣೆಯಲ್ಲಿ ಉಗ್ರಾಣಕ್ಕೂ ಕೊಟ್ಟಿಗೆಗೂ ಕಚೇರಿಯಿಂದ ನೇರವಾಗಿಯೂ, ಕೊನೆಯ ಮೂರು ನೆಲೆಗಳಿಗೆ ಗೊಬ್ಬರದ ಮನೆಯಲ್ಲಿಟ್ಟ ಎರಡನೆಯ ಸ್ವಿಚ್ಚಿನ ಮೂಲಕವೂ ಸಂಪರ್ಕವಿದೆ. ಉಂಗುರದಲ್ಲಿ ಪಂಪುಮನೆಯಿಂದ ಕಚೇರಿಗೆ ಬೇರೊಂದು ದಾರಿಯಿಂದ ೫೦೦ ಮೀಟರು ಕೇಬಲ್ಲು ಹಿಂದಿರುಗಿದೆ.

ಸಾಲು: ಕೊಂಡಿ ೫, ಕೇಬಲ್ಲು ೪೦೦ ಮೀಟರು, ಒಂದು ಕೊಂಡಿ ಕಡಿದರೆ ಕಚೇರಿಯಿಂದ ಬೇರೆಯಾಗುವ ನೆಲೆಗಳು ಹೆಚ್ಚೆಂದರೆ ೫.
ಮರ: ಕೊಂಡಿ ೫, ಕೇಬಲ್ಲು ೭೨೦ ಮೀಟರು, ಬೇರೆಯಾಗುವ ನೆಲೆಗಳು ಹೆಚ್ಚೆಂದರೆ ೩.
ಉಂಗುರ: ಕೊಂಡಿ ೬, ಕೇಬಲ್ಲು ೯೦೦ ಮೀಟರು, ಬೇರೆಯಾಗುವ ನೆಲೆ ಇಲ್ಲ.
ನಕ್ಷತ್ರ: ಕೊಂಡಿ ೫, ಕೇಬಲ್ಲು ೧,೨೦೦ ಮೀಟರು, ಬೇರೆಯಾಗುವ ನೆಲೆ ೧.
ಪೂರ್ಣ ಬಲೆ: ಕೊಂಡಿ ೧೫, ಕೇಬಲ್ಲು ೨,೮೦೦ ಮೀಟರು, ಬೇರೆಯಾಗುವ ನೆಲೆ ಇಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ನಕ್ಷತ್ರದ ಐದು ಕೇಬಲ್ಲುಗಳನ್ನೂ ಒಂದೇ ಟ್ರೆಂಚಿನಲ್ಲಿ ಹೂಳಿದರೆ, ಕಚೇರಿಯ ಪಕ್ಕದಲ್ಲಿ ಬಿದ್ದ ಗುದ್ದಲಿಯ ಒಂದೇ ಏಟಿಗೆ ಐದೂ ಕಡಿಯುವುವು. ಪೂರ್ಣ ಬಲೆಯೂ ಹಾಗೆಯೇ. ಉಂಗುರದ ಹೋಗುವ ಎಳೆಯನ್ನೂ ಬರುವ ಎಳೆಯನ್ನೂ ಒಂದೇ ಟ್ರೆಂಚಿನಲ್ಲಿ ಹಾಕಿದರೆ ಅದು ಕಾಗದದ ಮೇಲೆ ಉಂಗುರ, ನೆಲದಲ್ಲಿ ಬರಿಯ ಸಾಲು. ಕೇಬಲ್ಲಿನ ಸಂಖ್ಯೆಯಿಂದ ಭದ್ರತೆ ಬರುವುದಿಲ್ಲ. ದಾರಿಗಳು ಬೇರೆ ಬೇರೆಯಾಗಿರುವುದರಿಂದ ಬರುವುದು. ಗುತ್ತಿಗೆದಾರನು ಉಳಿತಾಯದ ಆಸೆಯಿಂದ ಮೊದಲು ಬಿಟ್ಟುಬಿಡಬಹುದಾದ ಅಂಶವು ಇದೇ ಆದುದರಿಂದ, ಮಣ್ಣು ಮುಚ್ಚುವುದಕ್ಕೆ ಮುಂಚೆಯೇ ಇದನ್ನು ನೋಡಿಕೊಳ್ಳತಕ್ಕದ್ದು.

ಗ್ರಾಮ ಪಂಚಾಯಿತಿಗಳ ಜಾಲ

ಗ್ರಾಮ ಪಂಚಾಯಿತಿಗಳಿಗೆ ಗಾಜಿನೆಳೆಯನ್ನು ಮುಟ್ಟಿಸುವ ಯೋಜನೆಗೆ ಕೇಂದ್ರ ಸರ್ಕಾರವು ೨೦೧೧ ನೆಯ ಇಸವಿ ಅಕ್ಟೋಬರಿನಲ್ಲಿ ಒಪ್ಪಿಗೆಯಿತ್ತಿತು. ಮುಂದೆ ಅದಕ್ಕೆ ಭಾರತ್‌ನೆಟ್ ಎಂದು ಹೆಸರಾಯಿತು. ಮೊದಲ ಹಂತದಲ್ಲಿ, ಆಗಲೇ ನೆಲದಲ್ಲಿದ್ದ ಕೇಬಲ್ಲಿಗೆ ಹೊಸ ಕೇಬಲ್ಲನ್ನು ಸೇರಿಸುತ್ತ, ತಾಲ್ಲೂಕಿನ ಮಟ್ಟದಿಂದ ಪಂಚಾಯಿತಿಗಳಿಗೆ ಸಾಲಾಗಿಯೂ ಕವಲಾಗಿಯೂ ಕೊಂಡಿ ಹಾಕಲಾಯಿತು. ಹೀಗೆ ಮಾಡಿದುದರಿಂದ ಕಡಿಮೆ ಕೇಬಲ್ಲಿನಲ್ಲಿ ಹೆಚ್ಚು ಊರುಗಳನ್ನು ಮುಟ್ಟುವುದು ಸಾಧ್ಯವಾಯಿತಾದರೂ, ರಸ್ತೆಯನ್ನು ಅಗಲಿಸುವಾಗಲೋ ನೀರಿನ ಕೊಳವೆಯನ್ನು ಹೂಳುವಾಗಲೋ ಜೆ.ಸಿ.ಬಿ. ಯಂತ್ರದ ಹಲ್ಲು ತಗುಲಿದರೆ ಮುಂದಿನ ಪಂಚಾಯಿತಿಗಳಿಗೆ ಬೇರೆ ದಾರಿಯಿಲ್ಲದೆ ಹೋಗುತ್ತಿತ್ತು.

ಈ ಅನುಭವದ ತರುವಾಯ ೨೦೨೩ ನೆಯ ಆಗಸ್ಟಿನಲ್ಲಿ ಕೇಂದ್ರ ಮಂತ್ರಿಮಂಡಲವು ತಿದ್ದುಪಡಿಯಾದ ಯೋಜನೆಯನ್ನು ೧,೩೯,೫೭೯ ಕೋಟಿ ರೂಪಾಯಿಗಳ ಅಂದಾಜಿನಿಂದ ಮಂಜೂರು ಮಾಡಿತು. ಇದರಲ್ಲಿ ಸುಮಾರು ೨.೬೪ ಲಕ್ಷ ಗ್ರಾಮ ಪಂಚಾಯಿತಿಗಳನ್ನು ಉಂಗುರ ಜೋಡಣೆಯಿಂದಲೇ ಸೇರಿಸಬೇಕೆಂದೂ, ಉಳಿದ ಸುಮಾರು ೩.೮ ಲಕ್ಷ ಗ್ರಾಮಗಳಿಗೆ ಬೇಡಿಕೆಯನ್ನನುಸರಿಸಿ ಕೇಬಲ್ಲು ಕೊಡಬೇಕೆಂದೂ ಗೊತ್ತುಮಾಡಲಾಯಿತು. ಜೋಡಣೆಯ ರೂಪವೊಂದನ್ನು ಬದಲಾಯಿಸುವುದಕ್ಕೆ ಇಷ್ಟು ದೊಡ್ಡ ಮೊಬಲಗಿನ ಯೋಜನೆಯಲ್ಲಿ ಸ್ಥಾನ ದೊರೆತಿರುವುದರಿಂದಲೇ ಈ ವಿಷಯದ ಮಹತ್ವವನ್ನು ಊಹಿಸಬಹುದು. ಉಂಗುರವು ಪೂರ್ತಿಯಾಗಬೇಕಾದರೆ ಹಿಂದಿರುಗುವ ದಾರಿಗೆ ಎಲ್ಲಿಯಾದರೂ ಎಡೆ ಬೇಕು. ಆ ದಾರಿಯು ಹಾಯುವ ಊರಿನವರು ಅಡ್ಡಿಮಾಡಿದರೆ ತಮ್ಮ ಊರೂ ನೆರೆಯ ಊರುಗಳೂ ಸಾಲಿನ ಸ್ಥಿತಿಯಲ್ಲಿಯೇ ಉಳಿಯುವುವೆಂಬುದನ್ನು ಮುಖಂಡರು ಜನರಿಗೆ ತಿಳಿಯಹೇಳಬೇಕು.

ಹೊಲದೊಳಗಣ ಜಾಲ

ಮಣ್ಣಿನ ತೇವವನ್ನು ಅಳೆಯುವ ಸಾಧನ, ಮಳೆಮಾಪಕ, ಪಂಪಿನ ನಿಯಂತ್ರಣ ಮುಂತಾದುವುಗಳಿಗೆ ಹೊಲದಲ್ಲೆಲ್ಲ ತಂತಿ ಎಳೆಯುವುದು ನೇಗಿಲಿಗೂ ಟ್ರಾಕ್ಟರಿಗೂ ಅಡ್ಡಿಯಾಗುವುದರಿಂದ ರೇಡಿಯೋ ಕೊಂಡಿಗಳೇ ಯೋಗ್ಯವು. ಇದರ ಪ್ರಥಮ ಪ್ರಯೋಗಗಳಲ್ಲೊಂದು ಹವಾಯಿ ದ್ವೀಪಗಳಲ್ಲಿ ನಡೆಯಿತು. ಅಲ್ಲಿಯ ವಿಶ್ವವಿದ್ಯಾನಿಲಯವು ೧೯೭೧ ರಲ್ಲಿ ಅಲೋಹಾ ಎಂಬ ರೇಡಿಯೋ ಜಾಲವನ್ನು ನಕ್ಷತ್ರದ ರೂಪದಲ್ಲಿ ನಡೆಸಿ, ಸಮುದ್ರದಿಂದ ಬೇರ್ಪಟ್ಟ ನೆಲೆಗಳನ್ನು ಒಂದು ಕೇಂದ್ರಕ್ಕೆ ಸೇರಿಸಿತು.

ಈಗ ಹೊಲಗಳಲ್ಲಿ ಎರಡು ಬಗೆಗಳುಂಟು. ಲೋರಾ ಎಂಬ ಬಗೆಯಲ್ಲಿ ಹೊಲದ ಸಾಧನಗಳೆಲ್ಲವೂ ಎತ್ತರದಲ್ಲಿಟ್ಟ ಒಂದು ಪೆಟ್ಟಿಗೆಗೆ ನೇರವಾಗಿ ಸಮಾಚಾರ ಕಳುಹಿಸುವುವು. ಇದು ನಕ್ಷತ್ರ ಜೋಡಣೆ. ಬಯಲಿನಲ್ಲಿ ಕೆಲವು ಕಿಲೋಮೀಟರುಗಳವರೆಗೆ ಮುಟ್ಟುವುದು. ಸಾಧನವು ಬಹುಕಾಲ ನಿದ್ರಿಸಿ ಆಗಾಗ ಮಾತ್ರ ಎಚ್ಚರಗೊಳ್ಳುವುದರಿಂದ ಸಣ್ಣ ಬ್ಯಾಟರಿಯು ವರ್ಷಗಟ್ಟಲೆ ಬರುವುದು. ಚಿತ್ರ, ಧ್ವನಿಗಳಂತಹ ದೊಡ್ಡ ಸಮಾಚಾರಕ್ಕೆ ಇದು ಆಗದು. ತೇವ, ಉಷ್ಣಗಳ ಅಂಕಿಗಳಿಗೆ ಸಾಕು. ಭಾರತದಲ್ಲಿ ೮೬೫ ರಿಂದ ೮೬೭ ಮೆಗಾಹರ್ಟ್ಸಿನವರೆಗಿನ ತರಂಗಗಳನ್ನು ನಿಯಮಿತ ಶಕ್ತಿಯೊಳಗೆ ಲೈಸೆನ್ಸಿಲ್ಲದೆ ಉಪಯೋಗಿಸಬಹುದು. ಜಿಗ್ಬೀ ಎಂಬ ಇನ್ನೊಂದು ಬಗೆಯು ಬಲೆ ಜೋಡಣೆ. ಒಂದು ಸಾಧನದ ಸಮಾಚಾರವನ್ನು ಪಕ್ಕದ ಸಾಧನವು ಪಡೆದು ಮುಂದಕ್ಕೆ ದಾಟಿಸುವುದು. ಹಸಿರು ದಟ್ಟವಾದ ಅಡಕೆ ತೋಟದಲ್ಲಿ, ಅದರಲ್ಲಿಯೂ ಮಳೆಯಿಂದ ಎಲೆಗಳು ನೆನೆದಿರುವಾಗ, ರೇಡಿಯೋ ತರಂಗವು ಬಹುಬೇಗ ಕ್ಷೀಣಿಸುವುದರಿಂದ ಹೀಗೆ ಹತ್ತಿರದಿಂದ ಹತ್ತಿರಕ್ಕೆ ದಾಟಿಸುವುದು ಅನುಕೂಲವಾಗಬಹುದು. ಆದರೆ ದಾಟಿಸುವ ಸಾಧನವು ಸದಾ ಎಚ್ಚರವಾಗಿರಬೇಕಾದುದರಿಂದ ಅದಕ್ಕೆ ನಿತ್ಯದ ವಿದ್ಯುತ್ತಾಗಲಿ ಸೌರಫಲಕವಾಗಲಿ ಬೇಕು. ತೆರೆದ ಹೊಲಕ್ಕೆ ಮೊದಲನೆಯದೂ, ಗೋಡೆ ಗಿಡಗಳ ಮರೆಯಿದ್ದು ವಿದ್ಯುತ್ತು ಸಮೀಪದಲ್ಲಿರುವ ಕಡೆ ಎರಡನೆಯದೂ ಉತ್ತಮವೆನ್ನಬಹುದು.

ಗಮನದಲ್ಲಿಡತಕ್ಕ ಅಂಶಗಳು

(೧) ಜಾಲದ ನಕ್ಷೆಯನ್ನು ಬರೆಯಿಸಿ ಕಚೇರಿಯಲ್ಲಿಡತಕ್ಕದ್ದು. ಪ್ರತಿ ಕೊಂಡಿಯನ್ನೂ ಒಂದೊಂದಾಗಿ ಬೆರಳಿನಿಂದ ಮರೆಮಾಡಿ, ಅದು ಕಡಿದರೆ ಯಾರು ಯಾರು ನಿಲ್ಲುವರೆಂದು ಕೇಳಿದರೆ ಜೋಡಣೆಯ ಗುಣದೋಷಗಳು ತಾವಾಗಿಯೇ ಗೊತ್ತಾಗುವುವು.

(೨) ಕೇಬಲ್ಲು ಹೂಳಿದ ಕಡೆಗಳಲ್ಲಿ ಗುರುತಿನ ಕಲ್ಲುಗಳನ್ನು ನೆಡಿಸಿ, ನೆಲ ಅಗೆಯುವವರು ಮುಂಚೆಯೇ ಪಂಚಾಯಿತಿಗೆ ತಿಳಿಸುವಂತೆ ಕಟ್ಟುಮಾಡಬೇಕು.

(೩) ಒಂದು ಕಟ್ಟಡದಿಂದ ಮತ್ತೊಂದಕ್ಕೆ ತಾಮ್ರದ ತಂತಿಗಿಂತ ಗಾಜಿನೆಳೆಯೇ ಲೇಸು. ಸಿಡಿಲಿನ ಪ್ರವಾಹವು ತಾಮ್ರದಲ್ಲಿ ಹರಿದು ಎರಡು ಕಡೆಯ ಯಂತ್ರಗಳನ್ನೂ ಸುಡಬಲ್ಲುದು. ಗಾಜಿನಲ್ಲಿ ಅದು ಹರಿಯುವುದಿಲ್ಲ. ಎಳೆಯೊಡನೆ ಲೋಹದ ಕವಚವಿಲ್ಲದ ಕೇಬಲ್ಲನ್ನೇ ಆರಿಸಬೇಕು.

(೪) ಸ್ವಿಚ್ಚಿನಲ್ಲಿ ಖಾಲಿಯಿರುವ ಎರಡು ಕಿಂಡಿಗಳನ್ನು ತಿಳಿಯದೆ ಒಂದೇ ತಂತಿಯಿಂದ ಸೇರಿಸಬಾರದು. ಸಮಾಚಾರವು ಆ ಸುಳಿಯಲ್ಲಿ ಕೊನೆಯಿಲ್ಲದೆ ಸುತ್ತಿ ಸಮಸ್ತ ಜಾಲವನ್ನೂ ತುಂಬಿ ನಿಲ್ಲಿಸುವುದು. ಇದನ್ನು ತಪ್ಪಿಸುವ ಉಪಾಯವನ್ನು ರೇಡಿಯಾ ಪರ್ಲ್‌ಮನ್ ಎಂಬ ಅಮೆರಿಕದ ವಿದುಷಿಯು ೧೯೮೫ ರಲ್ಲಿ ಕಂಡುಹಿಡಿದರು. ಹೆಚ್ಚಿನ ಕೊಂಡಿಗಳನ್ನು ಸ್ವಿಚ್ಚುಗಳು ತಾವೇ ಮುಚ್ಚಿಟ್ಟು, ಬೇರೊಂದು ಕಡಿದಾಗ ಮಾತ್ರ ತೆರೆಯುವುವು. ಉಂಗುರ ಹಾಕಿಸುವವರು ಈ ಗುಣವಿರುವ ಸ್ವಿಚ್ಚನ್ನೇ ಕೊಳ್ಳಬೇಕು.

(೫) ಸಣ್ಣ ಕಚೇರಿಗೆ ನಕ್ಷತ್ರ, ದೊಡ್ಡ ತೋಟಕ್ಕೆ ಮರ, ಊರುಗಳ ನಡುವೆ ಉಂಗುರ, ಕ್ಷಣಕಾಲವೂ ನಿಲ್ಲಬಾರದ ಕಡೆ ಬಲೆ ಎಂಬುದನ್ನು ಸಾಮಾನ್ಯ ನಿಯಮವಾಗಿ ಇಟ್ಟುಕೊಳ್ಳಬಹುದು. ಸಾಲು ಜೋಡಣೆಯನ್ನು ಬೇರೆ ಉಪಾಯವಿಲ್ಲದಾಗ ಮಾತ್ರ ಒಪ್ಪತಕ್ಕದ್ದು.

ಯಾವ ಒಂದು ಜೋಡಣೆಯೂ ಎಲ್ಲ ಕಡೆಗೂ ಉತ್ತಮವಲ್ಲ. ಖರ್ಚು, ದೂರ, ಅಪಾಯ ಈ ಮೂರನ್ನೂ ತೂಗಿ ಆರಿಸುವುದೇ ವಿವೇಕ. ಮುಂಗಾರಿಗೆ ಮುಂಚೆ ಕೆರೆಯ ಏರಿಯನ್ನೂ ತೂಬನ್ನೂ ನೋಡಿ ಬರುವ ಪದ್ಧತಿಯು ಹಿರಿಯರಿಂದ ಬಂದುದಾಗಿದೆ. ಅದೇ ಸಂದರ್ಭದಲ್ಲಿ ಊರಿನ ಕೇಬಲ್ಲು ಎಲ್ಲಿಂದ ಬರುವುದು, ಅದು ಕಡಿದರೆ ಎರಡನೆಯ ದಾರಿ ಯಾವುದು ಎಂಬುದನ್ನೂ ವಿಚಾರಿಸುವ ರೂಢಿಯನ್ನು ಬೆಳೆಸಿಕೊಂಡರೆ, ಬಿತ್ತನೆಯ ಕಾಲದಲ್ಲಿ ಪಹಣಿಗಾಗಿ ಕಾಯುವ ರೈತನ ಒಂದು ದಿನವಾದರೂ ಉಳಿಯುವುದು.